ಕೂಲರ್ ಯಾಕೆ ತಂಪು ಕೊಡುತ್ತಿಲ್ಲ? – ಒಂದೇ ಪಾಠವನ್ನು ಎರಡು ಬಾರಿ ಬೋಧಿಸಿದ ಅನುಭವ

ತರಗತಿ: 9
ವಿಷಯ: ವಿಜ್ಞಾನ
ಬೋಧನಾಂಶ: ಬಾಷ್ಪೀಕರಣ ಮತ್ತು ತಂಪಾಗುವಿಕೆ (ಪುನರಾವರ್ತನೆ)
ಅವಧಿ: 40 ನಿಮಿಷಗಳ ಎರಡು ತರಗತಿಗಳು

ಹಿನ್ನೆಲೆ

ನನ್ನ ಬೋಧನಾಭ್ಯಾಸದ ಮೊದಲ ಹಂತ ಚಳ್ಳಕೆರೆಯ ಪ್ರೌಢಶಾಲೆಯೊಂದರಲ್ಲಿ ನಡೆಯಿತು. ಎರಡನೆಯ ಹಂತ ಮೊಳಕಾಲ್ಮೂರಿನಲ್ಲಿ. ಎರಡೂ ಕಡೆ ವಾರ್ಷಿಕ ಪರೀಕ್ಷೆಗೆ ಮುಂಚಿನ ಪುನರಾವರ್ತನೆಯ ದಿನಗಳು. ಚಳ್ಳಕೆರೆಯಲ್ಲಿ ನಾನು ಬಾಷ್ಪೀಕರಣದ ಪಾಠವನ್ನು ಯೋಜನೆಯಲ್ಲಿ ಬರೆದಂತೆಯೇ ಮುಗಿಸಿದೆ. ಮೇಲ್ಮೈ ವಿಸ್ತೀರ್ಣ, ತಾಪ, ಆರ್ದ್ರತೆ, ಗಾಳಿಯ ವೇಗ ಎಂಬ ನಾಲ್ಕು ಅಂಶಗಳನ್ನು ಮಕ್ಕಳು ತಡವರಿಸದೆ ಹೇಳಿದರು. ಒಣ ಬಿಸಿಲಿನ ದಿನ ಕೂಲರ್ ಹೆಚ್ಚು ತಂಪು ಕೊಡುವುದೇಕೆ ಎಂಬ ಅಭ್ಯಾಸದ ಪ್ರಶ್ನೆಗೂ ಉತ್ತರ ಸರಿಯಾಗಿಯೇ ಬಂತು.

ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಇಲ್ಲಿ ಒಣ ಬಿಸಿಲೇ ಐತಲ್ಲ, ಮತ್ತೆ ನಮ್ಮನೆ ಕೂಲರ್ ಯಾಕೆ ಬಿಸಿ ಗಾಳೀನೇ ಬಿಡ್ತದೆ? ಹೋದ್ ವರ್ಷ ಚೆನ್ನಾಗಿತ್ತು. ಅಜ್ಜಿ ಮಲಗೋದು ಶೀಟಿನ ಕೋಣೇಲಿ. ಅಪ್ಪ ಅದನ್ನ ಗುಜರಿಗೆ ಹಾಕ್ತೀನಿ ಅಂತಾರೆ."

"ಎಲೆಕ್ಟ್ರಿಷಿಯನ್‌ಗೆ ತೋರಿಸಮ್ಮ" ಎಂದು ಹೇಳಿ ಹೊರಬಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಪಾಠದ ಉದ್ದೇಶಗಳಲ್ಲಿ "ದೈನಂದಿನ ಜೀವನಕ್ಕೆ ಅನ್ವಯಿಸುವರು" ಎಂದು ಬರೆದವಳು ನಾನೇ. ಅನ್ವಯಿಸಲು ಹೊರಟ ಮಗುವಿನ ಮುಂದೆ ನನ್ನ ಬಳಿ ಏನೂ ಇರಲಿಲ್ಲ.

ಪೂರ್ವಸಿದ್ಧತೆ

ಆ ಭಾನುವಾರ ಪೇಟೆಯ ಕೂಲರ್ ರಿಪೇರಿ ಅಂಗಡಿಯಲ್ಲಿ ಅರ್ಧ ದಿನ ಕೂತೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಬೇಸಿಗೆಯ ಗಾಳಿ ಒಣಗಿರುತ್ತದೆ, ಕೊಳವೆಬಾವಿಯ ನೀರು ಗಡಸು. ಒಣಗಾಳಿ ಕೂಲರಿಗೆ ವರ, ಗಡಸು ನೀರು ಶಾಪ. ಅಂಗಡಿಗೆ ಬಂದ ಕೂಲರುಗಳಲ್ಲಿ ಮೋಟಾರು ಸುಟ್ಟವು ಕಡಿಮೆ, ಸುಣ್ಣ ಕಟ್ಟಿದವೇ ಹೆಚ್ಚು. ಹುಲ್ಲಿನ ಪ್ಯಾಡು ಕಲ್ಲಿನಂತಾಗಿತ್ತು. ಅದರ ಮೇಲೆ ನೀರು ಸುರಿಸುವ ರಂಧ್ರಗಳು ಮುಚ್ಚಿಹೋಗಿದ್ದವು. ಒಂದೊಂದು ದೋಷವನ್ನೂ ಬರೆದುಕೊಂಡೆ. ಮನೆಗೆ ಬಂದು ಪಟ್ಟಿ ನೋಡಿದಾಗ, ಪ್ರತಿಯೊಂದೂ ನಾನು ಬೋಧಿಸಿದ ನಾಲ್ಕು ಅಂಶಗಳಲ್ಲಿ ಒಂದಕ್ಕೆ ಸೇರಿತು. ಮೊಳಕಾಲ್ಮೂರಿಗೆ ಹೋದಾಗ ಪಾಠವನ್ನು ದೋಷದಿಂದಲೇ ಆರಂಭಿಸಬೇಕೆಂದು ನಿರ್ಧರಿಸಿದೆ.

ಬೋಧನೋಪಕರಣಗಳು: ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿ ಎರಡು ಬೇಸಿಗೆಯಿಂದ ನಿಂತಿದ್ದ ಕೂಲರ್, ಎರಡು ತಾಪಮಾಪಕಗಳು, ಹತ್ತಿ ಬಟ್ಟೆಯ ತುಂಡು, ಹಳೆಯ ಹಲ್ಲುಜ್ಜುವ ಬ್ರಷ್, ನಿಂಬೆ ಉಪ್ಪು, ಹೊಸ ಹುಲ್ಲು.

ಮೊದಲ ಅವಧಿ: ದೋಷ ಹುಡುಕುವುದು

ಎರಡು ತಾಪಮಾಪಕಗಳನ್ನು ಕಿಟಕಿಯ ಬಳಿ ತೂಗುಹಾಕಿ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದೆವು. ಹತ್ತು ನಿಮಿಷದ ನಂತರ ಒಣ ಬುರುಡೆ 36 ಡಿಗ್ರಿ, ಒದ್ದೆ ಬುರುಡೆ 22 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಕೂಲರ್ ಎಷ್ಟೇ ಚೆನ್ನಾಗಿದ್ದರೂ 22ಕ್ಕಿಂತ ಕೆಳಗೆ ಇಳಿಸಲಾರದು. ಅದೇ ಅದರ ಗಡಿ. ಮಳೆಗಾಲದಲ್ಲಿ ಈ ಎರಡು ಅಂಕಿಗಳ ಅಂತರ ಕಿರಿದಾಗುತ್ತದೆ, ಕೂಲರ್ ಸೋಲುತ್ತದೆ. ಎ.ಸಿ. ಯಂತ್ರಕ್ಕೆ ಈ ಗಡಿ ಇಲ್ಲ. ಅದರಲ್ಲಿ ಕಂಪ್ರೆಸರ್ ಬೇರೊಂದು ದ್ರವವನ್ನು ಮುಚ್ಚಿದ ಕೊಳವೆಯೊಳಗೆ ಆವಿಯಾಗಿಸಿ, ಮತ್ತೆ ದ್ರವವಾಗಿಸಿ, ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತದೆ.

ನಂತರ ಕೂಲರ್ ಓಡಿಸಿ ಗಾಳಿ ಬರುವ ಜಾಗದಲ್ಲಿ ತಾಪಮಾಪಕ ಹಿಡಿದೆವು: 33 ಡಿಗ್ರಿ. "36ರಿಂದ 22ರವರೆಗೆ ಇಳಿಯಬಹುದಾಗಿತ್ತು. ಮೂರೇ ಡಿಗ್ರಿ ಇಳಿದಿದೆ. ಉಳಿದದ್ದು ಎಲ್ಲಿ ಹೋಯಿತು?" ಎಂದು ಕೇಳಿ, ಗುಂಪುಗಳಾಗಿ ಬಂದು ನೋಡಲು ಹೇಳಿದೆ.

ಇಲ್ಲಿಯೇ ನನ್ನಿಂದ ದೊಡ್ಡ ತಪ್ಪಾಯಿತು. ಸ್ವಿಚ್ ಆರಿಸಿದ್ದೆ, ಪ್ಲಗ್ ಕಿತ್ತಿರಲಿಲ್ಲ. ಹುಡುಗನೊಬ್ಬ ಒದ್ದೆ ಪ್ಯಾಡಿಗೆ ಕೈಹಾಕುವಷ್ಟರಲ್ಲಿ ಹಿಂದೆ ಕುಳಿತಿದ್ದ ಮೇಲ್ವಿಚಾರಕರು "ನಿಲ್ಲಪ್ಪಾ!" ಎಂದು ಎದ್ದು ಬಂದರು. ಪ್ಲಗ್ ಕಿತ್ತು, ಸ್ವಿಚ್ ಆರಿಸಿಯೇ ಇದ್ದ ಆ ಸಾಕೆಟ್ಟಿನ ರಂಧ್ರಕ್ಕೆ ಟೆಸ್ಟರ್ ಇಟ್ಟರು. ಟೆಸ್ಟರ್ ಉರಿಯಿತು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಸಜೀವ ತಂತಿಗೆ ಹಾಕದೆ ತಟಸ್ಥ ತಂತಿಗೆ ಹಾಕಿದ್ದರು. ಯಂತ್ರ ನಿಂತಿತ್ತು, ವಿದ್ಯುತ್ ಒಳಗೇ ಇತ್ತು. ತಗಡಿನ ಮೈ, ಒದ್ದೆ ಕೈ, ಬರಿಗಾಲು ಮೂರೂ ಅಲ್ಲಿದ್ದವು.

ತರಗತಿ ಮೌನವಾಯಿತು. ನನ್ನ ಕೈ ನಡುಗುತ್ತಿತ್ತು. ಅವರು ಗದರಲಿಲ್ಲ, "ಈಗ ಇದನ್ನೇ ಪಾಠ ಮಾಡಿ" ಎಂದಷ್ಟೇ ಹೇಳಿ ಕುಳಿತರು. ಮೂರು ಪಿನ್ನಿನ ಪ್ಲಗ್ಗನ್ನು ಎಲ್ಲರಿಗೂ ತೋರಿಸಿದೆ. ಉದ್ದನೆಯ ಪಿನ್ ಭೂಸಂಪರ್ಕದ್ದು. ಅದು ಮೊದಲು ಸೇರಲಿ, ಕೊನೆಗೆ ಬಿಡಲಿ ಎಂದೇ ಉದ್ದ ಮಾಡಿರುತ್ತಾರೆ. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಮನೆಗಳು ಎಷ್ಟು ಎಂದು ಕೇಳಿದಾಗ ನಾಲ್ಕೈದು ಕೈಗಳು ಮೆಲ್ಲಗೆ ಮೇಲೆದ್ದವು. ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಎರಡನೆಯ ಅವಧಿ: ದುರಸ್ತಿ

ಕೆಲಸವನ್ನು ಶಾಲೆಯ ಅಂಗಳಕ್ಕೆ, ಸಾಕೆಟ್ಟಿನಿಂದ ದೂರಕ್ಕೆ ಒಯ್ದೆವು. ಮಕ್ಕಳು ಕಂಡುಹಿಡಿದ ದೋಷಗಳನ್ನು ಅವರದೇ ಕ್ರಮದಲ್ಲಿ ಸರಿಪಡಿಸಿದೆವು.

1. ಪ್ಯಾಡಿನ ಹುಲ್ಲು ಕುಸಿದು ಮೇಲ್ಭಾಗದಲ್ಲಿ ಗೇಣಗಲ ಖಾಲಿಯಾಗಿತ್ತು. ಗಾಳಿ ಸುಲಭದ ದಾರಿ ಹಿಡಿದು ನೀರನ್ನು ಮುಟ್ಟದೆಯೇ ಒಳಬರುತ್ತಿತ್ತು. ಉಳಿದ ಹುಲ್ಲಿನ ಎಳೆಗಳೂ ಸುಣ್ಣದಿಂದ ಅಂಟಿಕೊಂಡಿದ್ದವು. ಹೊಸ ಹುಲ್ಲನ್ನು ಬಿಡಿಸಿ ಸಮನಾಗಿ ತುಂಬಿದೆವು.

2. ನೀರು ಇಳಿಯುವ ರಂಧ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದವು. ನಿಂಬೆ ಉಪ್ಪಿನ ನೀರು ಹಾಕಿದಾಗ ಬುರುಬುರು ನೊರೆ ಎದ್ದಿತು. ಕಾರ್ಬೊನೇಟ್ ಆಮ್ಲದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹತ್ತನೆಯ ತರಗತಿಯ ಪಾಠ ಒಂದು ವರ್ಷ ಮೊದಲೇ ಕಣ್ಣಿಗೆ ಬಿತ್ತು. ಅರ್ಧ ಗಂಟೆ ನೆನೆಸಿ ಬ್ರಷ್ಷಿನಿಂದ ತಿಕ್ಕಿದೆವು. ಆಮ್ಲದ ಜೊತೆ ಬ್ಲೀಚಿಂಗ್ ಪುಡಿ ಎಂದೂ ಸೇರಿಸಬಾರದು, ವಿಷದ ಅನಿಲ ಬರುತ್ತದೆ ಎಂದು ಎಚ್ಚರಿಸಿದೆ.

3. ಟ್ಯಾಂಕಿನ ನೀರಿನಲ್ಲಿ ಮುಳುಗಿರುವ ಪಂಪಿನ ಜಾಲರಿಯಲ್ಲಿ ಕೆಸರು ತುಂಬಿತ್ತು. ತೊಳೆದೆವು.

4. ಫ್ಯಾನಿನ ರೆಕ್ಕೆಯ ಧೂಳು ಒರೆಸಿದೆವು. ಫ್ಯಾನ್ ನಿಧಾನವಾದರೆ ಹೆಚ್ಚಾಗಿ ಕೆಪಾಸಿಟರ್ ಸೋತಿರುತ್ತದೆ. ಅಂಗಡಿಯಲ್ಲಿ ಅದನ್ನು ಕಂಡೆನ್ಸರ್ ಎನ್ನುತ್ತಾರೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಅದು ಮೆಕ್ಯಾನಿಕ್ ಮುಟ್ಟಬೇಕಾದ ಭಾಗ, ಮಕ್ಕಳಲ್ಲ.

"ಮಿಸ್, ನೀರು ಆವಿಯಾಗಿ ಹೋಗುತ್ತೆ, ಸುಣ್ಣ ಯಾಕೆ ಹೋಗಲ್ಲ?" ಎಂದು ಒಬ್ಬ ಕೇಳಿದ. ನಾನು ಉತ್ತರಿಸುವ ಮೊದಲೇ ಪಕ್ಕದ ಹುಡುಗಿ ಹೇಳಿದಳು: "ಸಾರು ಬತ್ತಿದರೆ ಉಪ್ಪಾಗಲ್ವೇನೋ, ಹಂಗೆ." ಇದಕ್ಕಿಂತ ಒಳ್ಳೆಯ ವಿವರಣೆ ನನ್ನಲ್ಲಿರಲಿಲ್ಲ. ಖಾಲಿಯಾದಷ್ಟೇ ನೀರು ತುಂಬುತ್ತ ಹೋದರೆ ಉಪ್ಪು ಕೂಡುತ್ತಲೇ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಬರಿದು ಮಾಡಿ, ಉಜ್ಜಿ, ಒಣಗಿಸಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆಯಿಡುವುದರಿಂದ ಆ ಲಾಭವೂ ಇದೆ.

ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ನೇಕಾರರ ಮನೆಯ ಹುಡುಗನೊಬ್ಬ, ಗಾಳಿ ತೀರಾ ಒಣಗಿದರೆ ಮಗ್ಗದ ಮೇಲೆ ಎಳೆ ಕಡಿಯುತ್ತದೆಂದು ತಂದೆ ಹೇಳುವುದನ್ನು ನೆನಪಿಸಿದ. ಆರ್ದ್ರತೆ ಎಂಬ ಪದಕ್ಕೆ ಅವನ ಮನೆಯಲ್ಲೇ ಅರ್ಥವಿತ್ತು.

ದುರಸ್ತಿಯಾದ ಮೇಲೆ ಎಲೆಕ್ಟ್ರಿಷಿಯನ್ ಸರಿಪಡಿಸಿದ್ದ ಸಾಕೆಟ್ಟಿಗೆ ಹಾಕಿ ಮತ್ತೆ ಅಳೆದೆವು: 27 ಡಿಗ್ರಿ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಬೇಕೆಂದೇ ಕಿಟಕಿ, ಬಾಗಿಲು ಮುಚ್ಚಿಸಿದೆ. ಕಾಲು ಗಂಟೆಯಲ್ಲಿ ಎಲ್ಲರಿಗೂ ಮೈ ಅಂಟತೊಡಗಿತು. ಎ.ಸಿ.ಗೆ ಬಾಗಿಲು ಮುಚ್ಚಬೇಕು. ಕೂಲರಿಗೆ ಬೆನ್ನ ಕಡೆ ಹೊರಗಾಳಿ ಸಿಗಬೇಕು, ಎದುರು ಕಿಟಕಿ ತೆರೆದಿರಬೇಕು.

ಕಪ್ಪುಹಲಗೆ ಸಾರಾಂಶ

ಮೇಲ್ಮೈ ವಿಸ್ತೀರ್ಣ – ಸಮನಾಗಿ ತುಂಬಿ ಪೂರ್ತಿ ನೆಂದ ಪ್ಯಾಡು
ಗಾಳಿಯ ವೇಗ – ಸ್ವಚ್ಛ ಫ್ಯಾನ್
ಆರ್ದ್ರತೆ – ತೆರೆದ ಕಿಟಕಿ
ತಾಪ – ಬಿಸಿಯಾದ ಹೊರಗಾಳಿ. ನೀರು ಶಾಖ ಪಡೆಯುವುದು ಇದರಿಂದಲೇ
ಎಲ್ಲಕ್ಕೂ ಮೊದಲು – ಪ್ಲಗ್ ಕಿತ್ತಿಡು

ಮೌಲ್ಯಮಾಪನ

1 ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಿಂದ 28 ಡಿಗ್ರಿಯ ಎಷ್ಟು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು ಎಂದು ಲೆಕ್ಕ ಕೊಟ್ಟೆ. ಸುಮಾರು ಎಂಟು ಲೀಟರ್ ಎಂದು ಬಂದಾಗ ಅವರಿಗೇ ನಂಬಿಕೆಯಾಗಲಿಲ್ಲ. ಎರಡು ಬಾರಿ ಮಾಡಿ ನೋಡಿದರು. ಮನೆಗೆಲಸವಾಗಿ, ಮನೆಯ ಅಥವಾ ನೆರೆಮನೆಯ ಕೂಲರನ್ನು ಮುಟ್ಟದೆ ನೋಡಿ, ದೋಷವಿದ್ದರೆ ಅದು ಯಾವ ಅಂಶಕ್ಕೆ ಸೇರಿದ್ದೆಂದು ಬರೆದು ತರಲು ಹೇಳಿದೆ.

ಸ್ವಾವಲೋಕನ

ಮೊದಲ ಪಾಠದಲ್ಲಿ ನಾನು ಉತ್ತರದಿಂದ ಉದಾಹರಣೆಗೆ ಹೋದೆ. ಎರಡನೆಯದರಲ್ಲಿ ಕೆಟ್ಟುಹೋದ ವಸ್ತುವಿನಿಂದ ಕಾರಣಕ್ಕೆ ಬಂದೆ. ಚೆನ್ನಾಗಿ ಓಡುವ ಯಂತ್ರ ಮಕ್ಕಳಲ್ಲಿ ಪ್ರಶ್ನೆ ಹುಟ್ಟಿಸುವುದಿಲ್ಲ, ಕೆಟ್ಟದ್ದು ಹುಟ್ಟಿಸುತ್ತದೆ. ಆದರೆ ನಿಜವಾದ ವಸ್ತುವನ್ನು ತರಗತಿಗೆ ತಂದರೆ ಅದರ ಅಪಾಯವೂ ಜೊತೆಗೇ ಬರುತ್ತದೆ. ಮುಂದೆ ಇಂಥ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಸಾಕೆಟ್ಟನ್ನು ಹಿಂದಿನ ದಿನವೇ ಪರೀಕ್ಷಿಸಲಿ.

ಚಳ್ಳಕೆರೆಯ ಹುಡುಗಿಗೆ ಉತ್ತರ ಬಾಕಿ ಇತ್ತು. ಒಂದು ಶನಿವಾರ ಮಧ್ಯಾಹ್ನ ಅವಳ ಶಾಲೆಗೆ ಹೋಗಿ ಪಟ್ಟಿಯನ್ನು ಕೈಗೆ ಕೊಟ್ಟೆ. ಓದಿ, ಮೊದಲು ಕೇಳಿದ್ದು ಇಷ್ಟು: "ಮಿಸ್, ಅಜ್ಜಿಗೆ ತಂಪಿರಲಿ ಅಂತ ನಾವು ಕಿಟಕಿ ಎಲ್ಲಾ ಮುಚ್ಚಿಡ್ತಿದ್ವಿ. ಅದೂ ತಪ್ಪಾ?" ಮುಂದಿನ ವಾರ ತರಗತಿ ಶಿಕ್ಷಕಿ ಫೋನಿನಲ್ಲಿ ತಿಳಿಸಿದರು: ಕೂಲರ್ ಗುಜರಿಗೆ ಹೋಗಲಿಲ್ಲವಂತೆ, ಅವಳ ತಂದೆ ಹೊಸ ಹುಲ್ಲು ಹಾಕಿಸಿದರಂತೆ.