ಸ್ವಂತ ಮನೆಯ ಮೇಲಣ ಸೌರ ಫಲಕಗಳೂ ಅವುಗಳ ನೋಂದಣಿಯೂ

ಗ್ರಾಮಾಂತರ ಪ್ರದೇಶಗಳಲ್ಲಿ ಮನೆಯನ್ನು ಕಟ್ಟಿಸತಕ್ಕವರು ಬಹುಮಟ್ಟಿಗೆ ಮನೆಯ ಯಜಮಾನರೇ ಆಗಿರುತ್ತಾರೆ. ಕಲ್ಲು, ಇಟ್ಟಿಗೆ, ಮರಮುಟ್ಟುಗಳನ್ನು ತಾವೇ ಒದಗಿಸಿಕೊಂಡು, ಊರಿನ ಗಾರೆಕೆಲಸದವರನ್ನು ಗೊತ್ತುಮಾಡಿ, ಬೆಳೆಯ ಹಣ ಕೈಗೆ ಬಂದಂತೆಲ್ಲ ಕೆಲಸವನ್ನು ಮುಂದುವರಿಸಿ ಪೂರೈಸುವರು. ಇಂಥ ಮನೆಗಳ ಮೇಲೆ, ಜನರು ಸೋಲಾರ್ ಪ್ಯಾನೆಲ್ಲುಗಳೆಂದು ಕರೆಯುವ ಸೌರ ಫಲಕಗಳನ್ನು ಹಾಕಿಸುವುದು ಈಚೆಗೆ ಹೆಚ್ಚುತ್ತಿದೆ. ಆದರೆ ಫಲಕಗಳನ್ನು ಮೊದಲು ಹಾಕಿಸಿ, ಕಾಗದಪತ್ರಗಳನ್ನು ಆಮೇಲೆ ನೋಡಿಕೊಂಡರಾಯಿತೆಂದು ಭಾವಿಸಿದವರು ತಮಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ಕಳೆದುಕೊಳ್ಳುವ ಸಂಭವವುಂಟು. ಆದಕಾರಣ ನೋಂದಣಿಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ದೊರೆಯತಕ್ಕ ಹಣ.— ಭಾರತ ಸರ್ಕಾರದವರು 2024ನೆಯ ಫೆಬ್ರವರಿ ತಿಂಗಳಲ್ಲಿ ಪಿ.ಎಂ. ಸೂರ್ಯ ಘರ್ ಎಂಬ ಯೋಜನೆಯನ್ನು ಆರಂಭಿಸಿದರು. ಇದು 2026-27ನೆಯ ಸಾಲಿನ ವರೆಗೆ ನಡೆಯತಕ್ಕದ್ದು. ವಾಸದ ಮನೆಯ ಮೇಲೆ 1 ಕಿಲೋವಾಟ್ ಶಕ್ತಿಯ ಫಲಕಗಳಿಗೆ 30,000 ರೂಪಾಯಿ, 2 ಕಿಲೋವಾಟಿಗೆ 60,000 ರೂಪಾಯಿ, 3 ಕಿಲೋವಾಟಿಗೂ ಅದಕ್ಕೆ ಮೇಲ್ಪಟ್ಟದ್ದಕ್ಕೂ ಒಟ್ಟು 78,000 ರೂಪಾಯಿ ಸಹಾಯಧನವುಂಟು. ಇದಲ್ಲದೆ, ಮನೆಯವರು ಉಪಯೋಗಿಸಿ ಉಳಿದ ವಿದ್ಯುತ್ತು ಕಂಬದ ತಂತಿಗೆ ಹೋಗುತ್ತದೆ. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಬೇರೆಬೇರೆಯಾಗಿ ಅಳೆಯುವ ನೆಟ್ ಮೀಟರಿನಿಂದ ಒಂದನ್ನು ಇನ್ನೊಂದರಲ್ಲಿ ಕಳೆದು ಬಿಲ್ಲು ಮಾಡುವರು. ಹೊರಗೆ ಹೋದದ್ದು ಹೆಚ್ಚಾದರೆ, ಆ ಹೆಚ್ಚಳಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಮಾಡಿದ ದರದಂತೆ ಹಣ ಸಲ್ಲುತ್ತದೆ.

ನಮ್ಮ ನಾಡಿನ ಬಿಸಿಲಿನಲ್ಲಿ 1 ಕಿಲೋವಾಟ್ ಫಲಕಗಳಿಂದ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ಉತ್ಪನ್ನವಾಗುತ್ತದೆ. ಅದಕ್ಕೆ ಸುಮಾರು 100 ಚದರಡಿ ಜಾಗ ಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಬಿಲ್ಲು ಪೂರ್ಣವಾಗಿ ಮನ್ನಾ ಆಗುತ್ತಿರುವ ಸಣ್ಣ ಸಂಸಾರದವರು ಹಣ ಹಾಕುವ ಮುನ್ನ ಲಾಭನಷ್ಟಗಳನ್ನು ಲೆಕ್ಕಹಾಕಬೇಕು. ತಿಂಗಳಿಗೆ 200 ಯೂನಿಟಿಗೆ ಮೀರಿ ಉಪಯೋಗಿಸುವ ದೊಡ್ಡ ಮನೆತನದವರಿಗೆ ಪ್ರಯೋಜನವು ಹೆಚ್ಚು.

ನೋಂದಣಿಯಿಲ್ಲದ ಫಲಕಗಳು.— ಒಂದೇ ಗ್ರಾಮದಲ್ಲಿ ಇಬ್ಬರು ಹಿಡುವಳಿದಾರರು ತಲಾ 3 ಕಿಲೋವಾಟ್ ಫಲಕಗಳನ್ನು ಹಾಕಿಸಿದರೆಂದು ಭಾವಿಸೋಣ. ಇಬ್ಬರಿಗೂ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ. ಹಗಲಿನಲ್ಲಿ 4 ಯೂನಿಟ್ ಮನೆಗೆ ಖರ್ಚಾಗಿ 8 ಯೂನಿಟ್ ಹೊರಗೆ ಹೋಗುತ್ತದೆ. ನೋಂದಣಿ ಮಾಡಿಸಿದವನಿಗೆ ಈ 8 ಯೂನಿಟ್ ಜಮೆಯಾಗುತ್ತದೆ. ಮಾಡಿಸದವನಿಗೆ 78,000 ರೂಪಾಯಿಯೂ ಇಲ್ಲ, ಜಮೆಯೂ ಇಲ್ಲ. ಅಷ್ಟೇ ಅಲ್ಲದೆ, ಸಾಮಾನ್ಯ ಮೀಟರುಗಳಲ್ಲಿ ಹಲವು ವಿದ್ಯುತ್ತು ಯಾವ ಕಡೆಗೆ ಹರಿದರೂ ಖರ್ಚೆಂದೇ ಎಣಿಸುವುದರಿಂದ, ತಾನು ಕೊಟ್ಟ ವಿದ್ಯುತ್ತಿಗೆ ತಾನೇ ಹಣ ತೆರುವ ಸ್ಥಿತಿಯೂ ಒದಗಬಹುದು. ಪ್ರಾಣಾಪಾಯದ ವಿಚಾರವೂ ಇಲ್ಲಿದೆ. ಲೈನುಮ್ಯಾನನು ವಿದ್ಯುತ್ತನ್ನು ನಿಲ್ಲಿಸಿ ಕಂಬ ಹತ್ತಿದಾಗ, ಪರೀಕ್ಷೆಗೊಳಗಾಗದ ಮನೆಯೊಂದರಿಂದ ತಂತಿಗೆ ವಿದ್ಯುತ್ತು ಹರಿದರೆ ಅವನ ಜೀವಕ್ಕೇ ಮುಪ್ಪಾಗುವುದು. ಸರಿಯಾದ ಇನ್ವರ್ಟರು ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳುವುದಕ್ಕಾಗಿಯೇ ಪರೀಕ್ಷೆಯ ಕಟ್ಟಳೆಯಿರುವುದು.

ಕಾಲವಿಳಂಬದಿಂದಾಗುವ ನಷ್ಟ.— ನಿಯಂತ್ರಣ ಆಯೋಗವು 2013ನೆಯ ಅಕ್ಟೋಬರ್ ತಿಂಗಳಲ್ಲಿ, ಸಹಾಯಧನ ಪಡೆಯದ ಮಾಳಿಗೆ ಫಲಕಗಳ ವಿದ್ಯುತ್ತಿಗೆ ಯೂನಿಟೊಂದಕ್ಕೆ 9 ರೂ. 56 ಪೈಸೆಯ ದರವನ್ನು ನಿಗದಿಮಾಡಿತು. 2016ನೆಯ ಮೇ ತಿಂಗಳಲ್ಲಿ ಹೊಸಬರಿಗೆ ಇದು 7 ರೂ. 8 ಪೈಸೆಗೂ, ದೊಡ್ಡ ಘಟಕಗಳಿಗೆ ಇನ್ನೂ ಕಡಿಮೆಗೂ ಇಳಿಯಿತು. ಹಳೆಯ ದರಕ್ಕೆ ಒಪ್ಪಂದ ಮಾಡಿಕೊಂಡವರಲ್ಲಿಯೂ ಗೊತ್ತಾದ ಅವಧಿಯೊಳಗೆ ಕೆಲಸ ಮುಗಿಸದವರು ತೊಡಕಿಗೆ ಸಿಕ್ಕಿ, ಕೆಲವರು ಆಯೋಗದ ಮುಂದೆ ವ್ಯಾಜ್ಯ ನಡೆಸಬೇಕಾಯಿತು. ದರವು ಫಲಕದ ಮೇಲಲ್ಲ, ದಾಖಲೆಯಲ್ಲಿರುವ ತಾರೀಖಿನ ಮೇಲೆ ನಿಲ್ಲುವುದೆಂಬುದನ್ನು ಇದರಿಂದ ತಿಳಿಯಬಹುದು.

ಮನೆ ಕಟ್ಟುವಾಗ ಗಮನಿಸತಕ್ಕವು.— (1) ಗ್ರಾಮಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆಗಳನ್ನು ಪಡೆದು, ಖಾತೆಯನ್ನು ಯಜಮಾನರ ಹೆಸರಿಗೆ ಮಾಡಿಸಿಟ್ಟುಕೊಳ್ಳಬೇಕು. (2) ಕಟ್ಟಡದ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ವಿದ್ಯುತ್ ಸಂಪರ್ಕವನ್ನೇ ಗೃಹಪ್ರವೇಶವಾದ ಮೇಲೂ ಮುಂದುವರಿಸಬಾರದು. ಸ್ಥಿರ ಸಂಪರ್ಕವನ್ನು ಪಡೆಯಬೇಕು. (3) ಬಿಲ್ಲು ಕಾಲವಾದ ತಂದೆ ಅಥವಾ ತಾತನ ಹೆಸರಿನಲ್ಲಿಯೇ ಇದ್ದರೆ, ಉಪವಿಭಾಗದ ಕಚೇರಿಯಲ್ಲಿ ಹೆಸರನ್ನು ಬದಲಾಯಿಸಿಕೊಳ್ಳಬೇಕು. ಬಿಲ್ಲಿನ ಹೆಸರೂ ಬ್ಯಾಂಕಿನ ಹೆಸರೂ ಹೊಂದದಿದ್ದರೆ ಸಹಾಯಧನವು ತಡೆಯಾಗಬಹುದು. (4) ನೀರಿನ ತೊಟ್ಟಿಯನ್ನು ವಾಸ್ತುವಿನಂತೆ ನೈಋತ್ಯ ಮೂಲೆಯಲ್ಲಿ ಕಟ್ಟುವ ವಾಡಿಕೆಯುಂಟು. ಮಧ್ಯಾಹ್ನಾನಂತರ ಅದರ ನೆರಳು ಈಶಾನ್ಯದ ಕಡೆಗೆ ಬೀಳುವುದರಿಂದ, ಆ ನೆರಳು ತಾಗದ ಜಾಗವನ್ನು ಮೊದಲೇ ಬಿಟ್ಟು, ಫಲಕಗಳನ್ನು ದಕ್ಷಿಣಾಭಿಮುಖವಾಗಿ ಇಡಬೇಕು. ತೆಂಗಿನ ಮರದ ನೆರಳನ್ನೂ ನೋಡಿಕೊಳ್ಳಬೇಕು. (5) ಗಾರೆ ಬಳಿಯುವ ಮುನ್ನವೇ ಮಾಳಿಗೆಯಿಂದ ಮೀಟರಿನ ಹಲಗೆಯ ವರೆಗೆ ತಂತಿಯ ಕೊಳವೆಯನ್ನು ಇಡಿಸಿದರೆ ಮುಂದೆ ಗೋಡೆ ಒಡೆಯುವ ಖರ್ಚು ಉಳಿಯುವುದು.

ಅರ್ಜಿಯ ಕ್ರಮ.— ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯನ್ನು ತಿಳಿಸಿ ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ ಮೊದಲು ಅರ್ಜಿ ಹಾಕಬೇಕು. ತೋಟದ ಮನೆಯವರು ಮನೆಯ ಸಂಖ್ಯೆಯನ್ನೇ ಕೊಡಬೇಕು. ಪಂಪ್‌ಸೆಟ್ಟಿನ ಸಂಖ್ಯೆಯನ್ನು ಕೊಡಬಾರದು. ಪಂಪ್‌ಸೆಟ್ಟುಗಳಿಗೆ ಕುಸುಮ್ ಯೋಜನೆಯು ಬೇರೆಯಾಗಿಯೇ ಇದೆ. 10 ಕಿಲೋವಾಟ್ ವರೆಗಿನ ಅರ್ಜಿಗಳಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲವೆಂದು 2024ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ಅರ್ಜಿಯು ಮಂಜೂರಾದ ನಂತರ, ಯೋಜನೆಯಲ್ಲಿ ನೋಂದಾಯಿಸಿಕೊಂಡ ಮಾರಾಟಗಾರರಿಂದ ಮಾತ್ರವೇ ಕೆಲಸ ಮಾಡಿಸತಕ್ಕದ್ದು. ಫಲಕಗಳೂ ಅವುಗಳೊಳಗಿನ ಕೋಶಗಳೂ ಭಾರತದಲ್ಲಿಯೇ ತಯಾರಾದವುಗಳಾಗಿರಬೇಕು. ಇಲ್ಲವಾದರೆ ಸಹಾಯಧನ ದೊರೆಯದು. ಬೆಲೆ, ಖಾತರಿಯ ಅವಧಿ, ಮುಂದಿನ ರಿಪೇರಿಗಳನ್ನು ಬರವಣಿಗೆಯಲ್ಲಿ ಪಡೆಯಬೇಕು. ಕೆಲಸ ಮುಗಿದ ಮೇಲೆ ವಿದ್ಯುತ್ ಕಂಪನಿಯವರು ಬಂದು ಪರೀಕ್ಷಿಸಿ, ನೆಟ್ ಮೀಟರನ್ನು ಅಳವಡಿಸಿ, ಚಾಲನಾ ಪ್ರಮಾಣಪತ್ರವನ್ನು ಕೊಡುವರು. ಆ ಬಳಿಕ ಬ್ಯಾಂಕಿನ ವಿವರವನ್ನು ಸಲ್ಲಿಸಿದರೆ ಮೊಬಲಗು ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಈ ಪ್ರಮಾಣಪತ್ರವನ್ನು ಜಮೀನಿನ ಪತ್ರಗಳೊಡನೆ ಜೋಪಾನವಾಗಿಡಬೇಕು.

ಗ್ರಾಮದ ಮುಖಂಡರ ಕರ್ತವ್ಯ.— ಈ ಯೋಜನೆಯಲ್ಲಿ ಮನೆಯೊಂದಕ್ಕೆ 1,000 ರೂಪಾಯಿಯಂತೆ ಸ್ಥಳೀಯ ಸಂಸ್ಥೆಗಳಿಗೂ ಪ್ರೋತ್ಸಾಹಧನವನ್ನು ಗೊತ್ತುಮಾಡಿದ್ದಾರೆ. ಆದುದರಿಂದ ಪಂಚಾಯಿತಿಗೂ ಇದರಲ್ಲಿ ಹಿತವಿದೆ. ಮುಖಂಡರು ಗ್ರಾಮಸಭೆಯಲ್ಲಿ ಈ ಕ್ರಮವನ್ನು ಓದಿಸಿ ತಿಳಿಸುವುದು ಯುಕ್ತ. ಖಾತೆಯಾಗಲಿ ವಿದ್ಯುತ್ ಸಂಪರ್ಕವಾಗಲಿ ಹಿರಿಯರ ಹೆಸರಿನಲ್ಲಿಯೇ ಉಳಿದಿರುವ ಮನೆಗಳ ಪಟ್ಟಿಮಾಡಿಸಿ, ಒಂದು ದಿನವನ್ನು ಗೊತ್ತುಮಾಡಿ, ಪಂಚಾಯಿತಿಯವರನ್ನೂ ವಿದ್ಯುತ್ ಕಂಪನಿಯ ಶಾಖಾಧಿಕಾರಿಗಳನ್ನೂ ಒಂದೆಡೆ ಕೂಡಿಸಿದರೆ ಬಡವರು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುವುದು. ಅರ್ಜಿಗೆ ಮುಂಚೆಯೇ ಮುಂಗಡ ಹಣ ಕೇಳುವವರ ಮಾತಿಗೆ ಯಾರೂ ಮರುಳಾಗದಂತೆ ಎಚ್ಚರಿಸುವುದೂ ಅವರ ಹೊಣೆಯೇ ಆಗಿದೆ.