ಹೊಸ್ತಿಲಲ್ಲಿ ನಿಂತ ಸಿಮೋನ್ ವೇಯ್



ಈ ತಿಂಗಳ ಅಧ್ಯಯನಕ್ಕೆ ನಾವು ಆರಿಸಿಕೊಂಡಿರುವವರು ಸಂತರ ಪಟ್ಟಿಯಲ್ಲಿಲ್ಲ. ಸಿಮೋನ್ ವೇಯ್ 1909ರಲ್ಲಿ ಪ್ಯಾರಿಸ್ಸಿನಲ್ಲಿ, ಧರ್ಮಾಚರಣೆಯಿಲ್ಲದ ಯೆಹೂದಿ ಮನೆಯಲ್ಲಿ ಹುಟ್ಟಿದರು. 1931ರಲ್ಲಿ ತತ್ವಶಾಸ್ತ್ರದ ಅಧ್ಯಾಪಕಿಯಾಗಿ ಲ ಪುಯಿ ಪಟ್ಟಣಕ್ಕೆ ಬಂದವರು ಅಲ್ಲಿನ ನಿರುದ್ಯೋಗಿಗಳ ಪರ ಬೀದಿಗಿಳಿದರು. ಎಡಪಂಥೀಯರಾಗಿದ್ದರೂ ಸ್ಟಾಲಿನನ ಆಡಳಿತವನ್ನು ಟೀಕಿಸಿ ಬರೆದರು.

ಕಾರ್ಮಿಕರ ಕಷ್ಟವನ್ನು ಪುಸ್ತಕದಿಂದ ತಿಳಿದರೆ ಸಾಲದೆಂದು 1934ರ ಡಿಸೆಂಬರಿನಲ್ಲಿ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಮರುವರ್ಷ ರೆನೋ ಕಾರ್ಖಾನೆಯಲ್ಲೂ ದುಡಿದರು. ದೇಹ, ಮನಸ್ಸು ಎರಡೂ ಸೋತವು. ಆಮೇಲೆ ಪೋರ್ಚುಗಲ್ಲಿನ ಒಂದು ಬಡ ಹಳ್ಳಿಯಲ್ಲಿ, ಊರಹಬ್ಬದ ರಾತ್ರಿ, ಮೀನುಗಾರರ ಹೆಂಡತಿಯರು ಮೇಣದಬತ್ತಿ ಹಿಡಿದು ಹಾಡುತ್ತಾ ದೋಣಿಗಳನ್ನು ಸುತ್ತುವುದನ್ನು ಕಂಡರು. ಕ್ರೈಸ್ತ ಧರ್ಮ ತುಳಿತಕ್ಕೊಳಗಾದವರದು, ತಾನೂ ಅವರಲ್ಲೊಬ್ಬಳು ಎಂದು ಅವರಿಗೆ ಅಂದು ಅನಿಸಿತು. 1937ರಲ್ಲಿ ಅಸ್ಸಿಸಿಯಲ್ಲಿ ಮೊದಲ ಬಾರಿ ಮೊಣಕಾಲೂರಿದರು. 1938ರ ಪವಿತ್ರ ವಾರದಲ್ಲಿ ಸೊಲೆಮ್ ಮಠದ ಪ್ರಾರ್ಥನೆಗಳಲ್ಲಿ ಕುಳಿತಾಗ ತಲೆ ಸಿಡಿಯುತ್ತಿತ್ತು. ಆ ನೋವಿನ ನಡುವೆಯೇ ಕ್ರಿಸ್ತರ ಯಾತನೆ ಅವರ ಒಳಗಿಳಿಯಿತು.

1941ರಲ್ಲಿ ಅವರು ಪರಲೋಕ ಮಂತ್ರವನ್ನು ಗ್ರೀಕ್ ಭಾಷೆಯಲ್ಲಿ ಕಲಿತು ದಿನವೂ ಹೇಳತೊಡಗಿದರು. ನಡುವೆ ಮನಸ್ಸು ಅತ್ತಿತ್ತ ಹರಿದರೆ ಮತ್ತೆ ಮೊದಲಿನಿಂದ! ಶಾಲೆಯ ಓದಿನ ಬಗ್ಗೆ ಬರೆದ ಲೇಖನದಲ್ಲಿ ಅವರು ಹೇಳುವುದಿಷ್ಟು: ರೇಖಾಗಣಿತದ ಲೆಕ್ಕ ಬಿಡಿಸಲಾಗದಿದ್ದರೂ ಅದಕ್ಕೆ ಕೊಟ್ಟ ಗಮನ ವ್ಯರ್ಥವಲ್ಲ, ಅದೇ ಗಮನ ಮುಂದೆ ಪ್ರಾರ್ಥನೆಗೂ ನೊಂದವರ ಮಾತಿಗೆ ಕಿವಿಗೊಡಲಿಕ್ಕೂ ಒದಗುತ್ತದೆ. ಪರೀಕ್ಷೆಗೆ ಓದುತ್ತಿರುವ ನಮಗೆ ಇದು ದೊಡ್ಡ ಸಮಾಧಾನ.

ಡೊಮಿನಿಕನ್ ಗುರು ಫಾದರ್ ಪೆರಾಂ ಅವರೊಡನೆ ದೀರ್ಘವಾಗಿ ಚರ್ಚಿಸಿದರೂ ಸಿಮೋನ್ ಸ್ನಾನದೀಕ್ಷೆ ಕೇಳಲು ಹಿಂಜರಿದರು. ಧರ್ಮಸಭೆಯ ಹೊರಗಿರುವ ಅಸಂಖ್ಯ ಜನರಿಂದ ದೂರವಾಗಲು ಅವರಿಗೆ ಮನಸ್ಸಾಗಲಿಲ್ಲ. 1943ರಲ್ಲಿ, 34ನೇ ವಯಸ್ಸಿನಲ್ಲಿ, ಕ್ಷಯದಿಂದ ನರಳುತ್ತಾ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಯುದ್ಧದಲ್ಲಿ ಹಸಿದಿದ್ದ ತನ್ನ ನಾಡಿನವರನ್ನು ನೆನೆದು ಹೆಚ್ಚು ಉಣ್ಣಲು ಒಪ್ಪಿರಲಿಲ್ಲ.

ಸ್ನಾನದೀಕ್ಷೆ ದೇವರ ಕೃಪೆಯೆಂದು ನಂಬುವ ನಾವು ಅವರ ಹಿಂಜರಿಕೆಯನ್ನು ಅನುಸರಿಸಬೇಕಿಲ್ಲ. ಆದರೆ ಒಳಗಿರುವ ನಮಗೆ ಹೊಸ್ತಿಲಾಚೆ ನಿಂತವರು ಕಾಣುತ್ತಾರೆಯೇ? ಪೂಜೆಯ ಭಾಷೆ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕೂರುವವರು, ಚರ್ಚಿಗೆ ಬರುವುದನ್ನೇ ಬಿಟ್ಟ ಗೆಳೆಯರು, ಕೂಲಿಗೆ ಬಂದು ಯಾರ ಪರಿಚಯವೂ ಇಲ್ಲದವರು?

ಗುಂಪಿನಲ್ಲಿ ಸಂತ ಲೂಕ 10:25-37 ಓದಿ, ಚರ್ಚಿಸೋಣ:

1. ಗಾಯಗೊಂಡವನನ್ನು ಮೂವರೂ ಕಂಡರು. ಸಮಾರಿಯದವನು ಕಂಡದ್ದರಲ್ಲಿ ಏನು ವ್ಯತ್ಯಾಸ?
2. ಈ ವಾರ ನಾವು ಯಾರ ಮಾತನ್ನು ಪೂರ್ತಿ ಕೇಳಿಸಿಕೊಂಡೆವು?

ವಾರದ ಅಭ್ಯಾಸ: ದಿನಕ್ಕೊಮ್ಮೆ ಪರಲೋಕ ಮಂತ್ರವನ್ನು ಪೂರ್ಣ ಗಮನದಿಂದ ಹೇಳೋಣ. ಮನಸ್ಸು ಜಾರಿದರೆ ಬೇಸರಪಡದೆ ಮತ್ತೆ ಮೊದಲಿನಿಂದ ಶುರುಮಾಡೋಣ.