ಕಾಲುಚೀಲದ ಹಿಮ್ಮಡಿ



ಹೆಣಿಗೆಯನ್ನು ಕಲಿಯತೊಡಗುವವರು ಸಾಮಾನ್ಯವಾಗಿ ಮೊದಲು ಕೊರಳವಸ್ತ್ರವನ್ನು ಹೆಣೆಯುವರು. ನಾವೂ ಹಾಗೆಯೇ ಮಾಡಿದೆವು. ಅದು ಒಂದು ಗೇಣು ಹೆಚ್ಚಾದರೆ ಮತ್ತೊಂದು ಸುತ್ತು ಸುತ್ತಿಕೊಳ್ಳಬಹುದು. ಕಾಲುಚೀಲವಾದರೋ ಹಾಗಲ್ಲ, ಅದನ್ನು ಪರೀಕ್ಷಿಸುವುದಕ್ಕೆ ಕಾಲೇ ಇದೆ.

ನಮಗೆ ಇದನ್ನು ಕಲಿಸಿದವರು ನಿವೃತ್ತರಾಗಿದ್ದ ಒಬ್ಬ ಉಪಾಧ್ಯಾಯಿನಿಯವರು. ಅವರ ದೃಷ್ಟಿಯು ಆಗಲೇ ಬಹಳ ಮಂದವಾಗಿತ್ತು. ಬರುವ ವರ್ಷ ಕಲಿಸಲು ಆಗುವುದೋ ಇಲ್ಲವೋ ಎಂದು ಅವರೇ ಹೇಳಿದ್ದರಿಂದ, ಮಳೆಗಾಲ ಹಿಡಿಯುವುದರೊಳಗೆ ಒಂದು ಜೊತೆಯನ್ನಾದರೂ ಮುಗಿಸಿ ಅವರಿಗೇ ಒಪ್ಪಿಸಬೇಕೆಂದು ನಿಶ್ಚಯಿಸಿದೆವು.

ಮಧ್ಯಮ ದಪ್ಪದ ಉಣ್ಣೆನೂಲಿನಿಂದ 48 ಕುಣಿಕೆಗಳನ್ನು ಎಬ್ಬಿಸಿ, ಎರಡು ತುದಿಯೂ ಚೂಪಾಗಿರುವ ಮೂರು ಕಡ್ಡಿಗಳಲ್ಲಿ 16ರಂತೆ ಹಂಚಿ, ನಾಲ್ಕನೆಯ ಕಡ್ಡಿಯಿಂದ ಸುತ್ತು ಸುತ್ತಾಗಿ ಹೆಣೆಯತಕ್ಕದ್ದು. ಎರಡು ಸೀದಾ, ಎರಡು ಉಲ್ಟಾ ಹೆಣೆದ ಪಟ್ಟಿಯು ಹಿಗ್ಗಿ ಕುಗ್ಗುವುದರಿಂದ ಚೀಲವು ಜಾರದು. ಕಣಕಾಲಿನವರೆಗೆ ಇದರಲ್ಲಿ ಕಷ್ಟವೇನೂ ಇಲ್ಲ, ಮಾತನಾಡುತ್ತಲೂ ಹೆಣೆಯಬಹುದು.

ಮಾತು ನಿಲ್ಲುವುದು ಹಿಮ್ಮಡಿಯಲ್ಲಿ. ಅರ್ಧ ಕುಣಿಕೆಗಳನ್ನು, ಎಂದರೆ 24ನ್ನು, ಪಾದದ ಮೇಲ್ಭಾಗಕ್ಕೆಂದು ಸುಮ್ಮನೆ ಬಿಟ್ಟು, ಉಳಿದ 24ರ ಮೇಲೆ ಹೋಗಿ ಬರುತ್ತ 24 ಸಾಲುಗಳನ್ನು ಹೆಣೆಯಬೇಕು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿದರೆ ಎರಡು ಅಂಚುಗಳಲ್ಲಿಯೂ 12 ಉದ್ದ ಕುಣಿಕೆಗಳು ಸರಪಣಿಯಂತೆ ನಿಲ್ಲುವುವು. ಬಳಿಕ ತಿರುವು. 13 ಸೀದಾ ಹೆಣೆದು, ಮುಂದಿನ ಎರಡನ್ನು ಕೂಡಿಸಿ, ಇನ್ನೊಂದನ್ನು ಹೆಣೆದು, ಸಾಲು ಮುಗಿಯುವ ಮೊದಲೇ ಹಿಂದಿರುಗಬೇಕು. ಒಂದನ್ನು ದಾಟಿಸಿ, ಮೂರನ್ನು ಉಲ್ಟಾ ಹೆಣೆದು, ಎರಡನ್ನು ಕೂಡಿಸಿ, ಒಂದನ್ನು ಹೆಣೆದು ಮತ್ತೆ ತಿರುಗಬೇಕು. ಹೀಗೆ ಪ್ರತಿ ಸಾಲಿಗೂ ನಡುವೆ ಒಂದು ಕುಣಿಕೆ ಹೆಚ್ಚಿಸುತ್ತ, ತಿರುಗಿದ ಎಡೆಯಲ್ಲಿ ಉಳಿದ ಸಂದನ್ನು ಕೂಡಿಸಿ ಮುಚ್ಚುತ್ತ ಹೋದರೆ 10 ಸಾಲುಗಳಲ್ಲಿ 24 ಕುಣಿಕೆಗಳು 14 ಆಗುವುವು. ಚಪ್ಪಟೆಯಾಗಿದ್ದ ಹೆಣಿಗೆಯು ಬಟ್ಟಲಿನಂತೆ ತಾನಾಗಿಯೇ ಬಾಗುವುದನ್ನು ಮೊದಲ ಸಲ ಕಂಡಾಗ ನಾವು ಬಾಯಿಬಿಟ್ಟು ನಕ್ಕೆವು. ಕತ್ತರಿ ಮುಟ್ಟಿಲ್ಲ, ಹೊಲಿಗೆ ಹಾಕಿಲ್ಲ, ಆದರೂ ನೂಲು ಮೂಲೆ ತಿರುಗಿತ್ತು!

ಈ ಅಚ್ಚರಿ ಹೊಸದಲ್ಲ. ಈಜಿಪ್ಟಿನಲ್ಲಿ ದೊರೆತ, ಕ್ರಿ.ಶ. 250ರಿಂದ 420ರೊಳಗಿನ ಕೆಂಪು ಉಣ್ಣೆಯ ಕಾಲುಚೀಲಗಳು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಚಪ್ಪಲಿಯ ಬಾರು ಹಿಡಿಸಲೆಂದು ಹೆಬ್ಬೆರಳಿಗೆ ಬೇರೆ ಸ್ಥಳ ಬಿಟ್ಟಿದೆ. ಅವು ಒಂದೇ ಸೂಜಿಯಿಂದ ಮಾಡಿದವು. ನಮ್ಮ ಕಡ್ಡಿಯ ಹೆಣಿಗೆಯಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದನು. ಈಗ ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದನ್ನು ನೀವೇಕೆ ವಾರಗಟ್ಟಲೆ ಹೆಣೆಯುವಿರೆಂದು ಮನೆಯವರು ಕೇಳಿದ್ದುಂಟು. ಹಿಮ್ಮಡಿ ತಿರುಗುವುದನ್ನು ಅವರು ಕಂಡಿರಲಿಲ್ಲ.

ತಿರುವಾದ ಮೇಲೆ ಅಂಚುಗಳಿಂದ 12ರಂತೆ ಕುಣಿಕೆಗಳನ್ನೆತ್ತಿ, ಬಿಟ್ಟಿದ್ದ 24ನ್ನು ಕೂಡಿಸಿಕೊಂಡರೆ ಒಟ್ಟು 62. ಸುತ್ತು ಬಿಟ್ಟು ಸುತ್ತಿಗೆ ಎರಡರಂತೆ ಏಳು ಸಲ ಕಡಿಮೆ ಮಾಡಿದರೆ ಮತ್ತೆ 48. ನಾವು ಒಂದು ಅಂಚಿನಲ್ಲಿ 11ನ್ನೇ ಎತ್ತಿದ್ದೆವು. ಅದು ತಿಳಿದದ್ದು ಪಾದದ ಅರ್ಧ ಮುಗಿದ ಮೇಲೆ. ಮೂಲೆಯಲ್ಲಿ ಕಡಲೆಕಾಳಿನಷ್ಟು ರಂಧ್ರವಿತ್ತು. ಕಣ್ಣು ಕಾಣದವರಿಗೆ ಇದು ಹೇಗೆ ತಿಳಿದೀತು ಎಂದು ನಾವು ಸುಮ್ಮನಿದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವರು ಚೀಲವನ್ನು ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ಸವರುತ್ತ ಬಂದು, ನೆಟ್ಟಗೆ ಅಲ್ಲಿಗೇ ಬಂದು ನಿಂತರು. “ಇಲ್ಲೊಂದು ಕುಣಿಕೆ ಸಾಲದಮ್ಮಾ. ನಿಮಗೂ ಗೊತ್ತಿತ್ತಲ್ಲವೇ?” ಎಂದರು. ಬಿಚ್ಚಿರೆಂದು ಹೇಳಲಿಲ್ಲ.

ಅಂದು ಸಂಜೆಯೇ ಬಿಚ್ಚಿದೆವು. ಪುನಃ ಅಷ್ಟು ಹೆಣೆಯಲು ಮೂರು ಸಂಜೆಗಳು ಹಿಡಿದುವು. ಬೆರಳುಗಳ ಕಡೆಗೆ ಸುತ್ತು ಬಿಟ್ಟು ಸುತ್ತಿಗೆ ನಾಲ್ಕರಂತೆ ಕಡಿಮೆ ಮಾಡಿ, 16 ಉಳಿದಾಗ ಸೂಜಿಯಿಂದ ಜೋಡಿಸಿ ಮುಗಿಸಿದೆವು. ಎರಡನೆಯ ಚೀಲ ಬೇಗನೆ ಮುಗಿಯಿತಾದರೂ ಕೈ ಸಡಿಲವಾಗಿದ್ದುದರಿಂದ ಅರ್ಧ ಅಂಗುಲ ಉದ್ದವಾಯಿತು.

ಮೊದಲ ಮಳೆಯ ದಿನ ಜೊತೆಯನ್ನು ಒಪ್ಪಿಸಿ, ಈ ಸಲ ನಾವಾಗಿಯೇ ಆ ಅರ್ಧ ಅಂಗುಲದ ಸಂಗತಿಯನ್ನು ತಿಳಿಸಿದೆವು. ಅವರು ಎರಡನ್ನೂ ತೊಟ್ಟು, ಹಿಮ್ಮಡಿಯ ಮೂಲೆಗಳನ್ನು ಮುಟ್ಟಿ ನೋಡಿ, “ನನ್ನ ಎಡಗಾಲೂ ತುಸು ಉದ್ದವೇ” ಎಂದರು.